ಹಲ್ಲುದುರದ ಕವಡೆ

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ದಬ್ಬಣ ನುಗ್ಗಿ ಆದ ಸೀಳು. ಎಮ್ಮೆದೊಡ್ಡಿ ಕಡೆಯ ನಮ್ಮೂರಿನಲ್ಲಿ ಎತ್ತಿನ ಕೊರಳಿಗೆ ಕವಡೆಪಟ್ಟಿ ಹೊಲಿಯುತ್ತಿದ್ದವಳು ಅವಳೊಬ್ಬಳೇ. ಕವಡೆಯ ಬೆನ್ನನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ, ಸೀಳುಬಾಯಿಯ ಹಲ್ಲಿನ ಸಾಲು ಹೊರಗೆ ಕಾಣುವಂತೆ ಕೆಂಪು ಬಟ್ಟೆಗೆ ಕೂರಿಸುತ್ತಿದ್ದಳು. ಸಮುದ್ರ ಕಂಡವಳಲ್ಲ. "ಒಳಗಿನ ಹುಳ ಸತ್ತು ಯಾವ ಕಾಲ ಆಯ್ತೋ, ಹಲ್ಲು ಮಾತ್ರ ಉದ್ರಿಲ್ಲ ನೋಡೇ. ನಾನೂ ಹಿಂಗೇ ಕಣೇ" ಎನ್ನುತ್ತಿದ್ದಳು.

ಮಾವ ತೀರಿಕೊಂಡ ತಿಂಗಳೊಳಗೆ ಅವಳ ಮೈದುನ ಬಂದು ಕೊಟ್ಟಿಗೆಯಿಂದ ಜೋಡೆತ್ತು ಬಿಚ್ಚಿದ. "ಗಂಡ ಇಲ್ದೋಳಿಗೆ ಎತ್ತು ಯಾಕೆ?" ಎಂದ. ಅಷ್ಟಕ್ಕೇ ಬಿಡಲಿಲ್ಲ, ಕೊರಳಿನ ಕವಡೆಪಟ್ಟಿಗಳನ್ನು ಕುಡುಗೋಲಿನಿಂದ ಕತ್ತರಿಸಿ ಅಂಗಳಕ್ಕೆ ಎಸೆದ. "ಅಪಶಕುನದ ಕೈಯಲ್ಲಿ ಹೊಲ್ದಿದ್ದು ನಂಗೆ ಬ್ಯಾಡ." ಊರ ಹಿರಿಯರು ನೆಲ ನೋಡುತ್ತ ನಿಂತರು. ಅತ್ತೆ ಬಗ್ಗಿ ಒಂದೊಂದೇ ಕವಡೆ ಆಯ್ದು ಮಡಿಲಿಗೆ ಹಾಕಿಕೊಂಡಳು. ಅವನ್ನೇ ಮತ್ತೆ ಹೊಲಿದು, ಎದುರಿಗಿದ್ದ ಅವನ ಮನೆ ಕಡೆಗೆ ಹಲ್ಲು ಮಾಡಿ ತನ್ನ ಬಾಗಿಲಿಗೆ ನೇತುಹಾಕಿದಳು.

ಆಮೇಲೆ ಊರಿಗೆಲ್ಲ ಹೊಲಿದು ಕೊಟ್ಟಳು, ಅವನೊಬ್ಬನನ್ನು ಬಿಟ್ಟು. ದೃಷ್ಟಿ ತಾಗುತ್ತದೆಂದು ಸಂಕ್ರಾಂತಿಯ ಕಿಚ್ಚು ಹಾಯಿಸಲು ನಮ್ಮಲ್ಲಿ ಯಾರೂ ಬರಿಗೊರಳ ಎತ್ತು ತರುವುದಿಲ್ಲ. ಅವನು ಕಡೂರಿನ ಅಂಗಡಿಯಿಂದ ಪ್ಲಾಸ್ಟಿಕ್ ಕವಡೆಯ ಪಟ್ಟಿ ತಂದು ಕಟ್ಟಿದ. ಬೆಂಕಿಯ ಝಳಕ್ಕೆ ಅವು ಸೊಟ್ಟಗಾಗಿ ಜೋತಾಡಿದವು. ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಅತ್ತೆ ಆ ವಿಡಿಯೋವನ್ನು ನನ್ನಿಂದ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಸುಳ್ಳೇಕೆ ಹೇಳಲಿ, ನನಗೂ ಹೊಟ್ಟೆ ತಣ್ಣಗಾಯಿತು.

ಮರುವರ್ಷ ಅವನೇ ಬಂದು ಬಾಗಿಲಲ್ಲಿ ನಿಂತ.

"ಅತ್ಗೆ, ನಂಗೂ ಒಂದು ಜೊತೆ ಹೊಲ್ಕೊಡಿ."

ಅತ್ತೆ ತಲೆ ಎತ್ತಲಿಲ್ಲ. "ಅಪಶಕುನದ ಕೈ ಕಣಪ್ಪಾ ಇದು" ಎಂದು ದಾರ ಕಚ್ಚಿ ಹರಿದಳು.

ಹೋದ ಕಾರ್ತೀಕದಲ್ಲಿ ಅತ್ತೆ ತೀರಿಕೊಂಡಳು. ಹಾಸಿಗೆ ಹಿಡಿದಾಗಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು: "ಅವನ ಕೈಯ ಅಕ್ಕಿ ನನ್ನ ಬಾಯಿಗೆ ಬೀಳಬಾರ್ದು ಕಣೇ." ಅಂಗಳದಲ್ಲಿ ಮಲಗಿಸಿದ್ದ ಅವಳ ಬಾಯಿಗೆ ಬಂಧುಗಳು ಒಬ್ಬೊಬ್ಬರಾಗಿ ಅಕ್ಕಿ ಹಾಕುತ್ತಿದ್ದರು. ಅವನೂ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಬಂದ. ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಹುಟ್ಟಲಿಲ್ಲ. ಅಡ್ಡ ನಿಂತು ಅವನ ಮಣಿಕಟ್ಟು ಹಿಡಿದೆ.

"ಅಪಶಕುನದ ಕೈ. ಹಿಂದಕ್ಕೆ ತಗಳಿ."

ಹಿರಿಯರು ಅವತ್ತೂ ನೆಲ ನೋಡಿದರು. ಅವನ ಬೆರಳು ಸಡಿಲಾಗಿ ಅಕ್ಕಿ ಅಂಗಳಕ್ಕೆ ಚೆಲ್ಲಿತು. "ಆಯ್ಕೊಂಡು ಹೋಗಿ" ಎಂದೆ. ಅತ್ತೆ ಕವಡೆ ಆಯ್ದ ಜಾಗದಲ್ಲೇ ಅವನು ಬಗ್ಗಿದ. ಕೊನೆಯ ಕಾಳು ಎತ್ತುವವರೆಗೂ ನಾನು ಹೆಣ ಎತ್ತಲು ಬಿಡಲಿಲ್ಲ.