ಮೈಲಾರನೆಂದು ನಾನು ತೋರಿಸಿದ ಚಿತ್ರ

ದೇವರು ನನಗೆ ಕೊಟ್ಟದ್ದು ಒಂದೇ ವಿದ್ಯೆ, ಇನ್ನೊಬ್ಬರ ದನಿ. ಸೋಲಾಪುರದ ಗಿರಣಿಯ ಪಾಳಿ ಸಾರುವ ಭೋಂಗಾ, ಅಕ್ಕಲಕೋಟ ಬಸ್ಸಿನ ಕಂಡಕ್ಟರು, ಮೂಗಿನಿಂದಲೇ ಗಣಿತ ಕಲಿಸುತ್ತಿದ್ದ ನಮ್ಮ ಮಾಸ್ತರರು, ಎಲ್ಲರೂ ನನ್ನ ಗಂಟಲಲ್ಲಿದ್ದರು. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಕೇಳಿದ್ದರೆ ಮಾತ್ರ ಸಿಕ್ಕಿಬೀಳುತ್ತಿದ್ದೆ. ಪುಣ್ಯಕ್ಕೆ ನನಗೆ ಇಪ್ಪತ್ತು ವರ್ಷ ಆಗುವವರೆಗೆ ಯಾರೂ ಕೇಳಲಿಲ್ಲ.

ಐವತ್ತರ ದಶಕದ ನಡುವೆ, ಟಿಬೆಟ್ಟಿನ ವ್ಯಾಪಾರ ಠಾಣೆಗಳಲ್ಲಿ ಕಾವಲಿಗಿದ್ದ ನಮ್ಮ ಫೌಜು ವಾಪಸಾದಾಗ, ನನ್ನ ಸೋದರಮಾವ ನೇರ ನಮ್ಮ ಮನೆಗೆ ಬಂದ. ಟ್ರಂಕಿನ ಜೊತೆಗೆ ರೇಶ್ಮೆ ಸುತ್ತಿದ ಒಂದು ಸುರುಳಿ ಚಿತ್ರವಿತ್ತು. ಅವನ ಜೊತೆಗಾರ, ಚಪಳಗಾಂವದ ಕುರುಬರವನು, ಅಲ್ಲಿಯ ಥಂಡಿಯಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಮಣ್ಣೂ ಅಲ್ಲಿಯೇ ಆಗಿತ್ತು. ತಾಯಿಗೆ ಮುಟ್ಟಿದ್ದು ಒಂದು ತಾರು ಮಾತ್ರ. ತೀರಿಕೊಂಡವರ ಒಳಿತಿಗಾಗಿ ಚಿತ್ರ ಬರೆಸುವುದು ಅಲ್ಲಿಯವರ ರೂಢಿಯಂತೆ. ಮಾವ ಒಬ್ಬ ಲಾಮಾನಿಂದ ಗೆಳೆಯನ ಹೆಸರಿನಲ್ಲಿ ಇದನ್ನು ಬರೆಸಿದ್ದ. ಈಗ ಅದನ್ನು ಆ ತಾಯಿಗೆ ಒಪ್ಪಿಸಿ ಅರ್ಥ ಹೇಳಬೇಕು. ಮಾವನಿಗೆ ಬಂದೂಕು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

"ನೀನೂ ಬಾರಲೇ. ನಿನಗ ಬಾಯಿ ಐತಿ," ಎಂದ.

"ಬಾಯಿ ಒಂದ ಐತಿ ಅವಂಗ, ಮತ್ತೇನಿಲ್ಲ," ಎಂದು ನಮ್ಮವ್ವ ಒಳಗಿನಿಂದ ಕೂಗಿದಳು.

ಲಾಮಾ ಹರಕುಮುರುಕು ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಮಾವ ಒಂದು ವಹಿಯಲ್ಲಿ ಬರೆದುಕೊಂಡಿದ್ದ. ಕೂತು ಓದಿದೆ. ಚಿತ್ರದಲ್ಲಿ ಒಂದು ದೊಡ್ಡ ಚಕ್ರ. ನಟ್ಟನಡುವೆ ಹುಂಜ, ಹಾವು, ಹಂದಿ, ಒಂದರ ಬಾಲ ಇನ್ನೊಂದರ ಬಾಯಲ್ಲಿ: ಆಸೆ, ಸಿಟ್ಟು, ಅಜ್ಞಾನ. ಸುತ್ತಲೂ ಜೀವಿಗಳು ಹುಟ್ಟಿ ಹುಟ್ಟಿ ತಿರುಗುವ ಆರು ಲೋಕಗಳು. ಅಂಚಿನ ಸಣ್ಣ ಮನೆಗಳಲ್ಲಿ ಕೋಲು ಹಿಡಿದ ಕುರುಡ, ಮಡಕೆ ಮಾಡುವ ಕುಂಬಾರ, ಕಣ್ಣಿಗೆ ಬಾಣ ನಟ್ಟವನು. ಇಡೀ ಚಕ್ರವನ್ನು ಹಲ್ಲಿನಿಂದಲೂ ಉಗುರಿನಿಂದಲೂ ಅವುಚಿ ಹಿಡಿದ ಮೂರು ಕಣ್ಣಿನ ಉಗ್ರಮೂರ್ತಿ. ಚಕ್ರದ ಹೊರಗೆ, ಮೇಲಿನ ಮೂಲೆಯಲ್ಲಿ, ಹೊರಬರುವ ದಾರಿ ತೋರಿಸುತ್ತ ಚಂದ್ರನ ಕಡೆಗೆ ಬೆರಳು ಚಾಚಿದ ಬುದ್ಧ. ಇಷ್ಟನ್ನೆಲ್ಲ ಓದಿ ನನಗಾದ ಜ್ಞಾನೋದಯವೆಂದರೆ, ಹುಂಜಕ್ಕೆ ಯಾವ ದನಿ ಕೊಡಬೇಕು, ಹಂದಿಗೆ ಯಾವುದು ಎಂಬುದು. ಬಸ್ಸು ವಳಸಂಗ ದಾಟುವ ಮೊದಲೇ ಹಂದಿ ಎಷ್ಟು ಚೆನ್ನಾಗಿ ಕುದುರಿತ್ತೆಂದರೆ, ಪಕ್ಕದ ಅಜ್ಜಿ ಸೀರೆ ಎತ್ತಿ ಹಿಡಿದು ಸೀಟಿನ ಕೆಳಗೆ ಬಗ್ಗಿ ನೋಡಿದಳು.

ಚಪಳಗಾಂವದ ಆ ಮನೆಯಲ್ಲಿ ತಾಯಿ ಒಬ್ಬಳೇ ಇರಲಿಲ್ಲ. ಓಣಿಯ ಐದಾರು ಹೆಂಗಸರೂ ಬಂದು ಕೂತಿದ್ದರು. ಜನ ಸೇರಿದರೆ ನನಗೆ ಮೈಮೇಲೆ ಬಂದಂತೆ ಆಗುತ್ತದೆ. ಸುರುಳಿಯನ್ನು ಗೂಟಕ್ಕೆ ತೂಗುಹಾಕಿ, ಕೈಯಲ್ಲಿ ಕೋಲು ಹಿಡಿದು ಶುರುಮಾಡಿದೆ. ಹುಂಜಕ್ಕೆ ನಕ್ಕರು. ಹಂದಿಗೆ ಇನ್ನೂ ನಕ್ಕರು. ತಾಯಿ ಮಾತ್ರ ನಗಲಿಲ್ಲ. ಒಂದೊಂದು ಲೋಕದಲ್ಲೂ ಸಣ್ಣ ಸಣ್ಣ ಮುಖಗಳನ್ನು ಹುಡುಕುತ್ತಿದ್ದಳು. ನನ್ನ ಕೋಲು ಆ ಮೂರು ಕಣ್ಣಿನವನ ಮೇಲೆ ಬಂದು ನಿಂತಿತು. ಅವನು ಯಾರೆಂದು ವಹಿಯಲ್ಲಿ ಒಂದೇ ಪದದಲ್ಲಿತ್ತು. ಆ ಪದ ಆ ತಾಯಿಯ ಎದುರು ನನ್ನ ಬಾಯಿಂದ ಹೊರಡಲಿಲ್ಲ. ಹೆದರಿದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ, ನಗಿಸುವ ಚಾಷ್ಟಿ.

"ಇವ ಯಾರಂತೀರಿ? ನಿಮ್ಮ ಮೈಲಾರನ ಮತ್ತ! ಅಲ್ಲಿ ಥಂಡಿ ಭಾಳ, ಹಲ್ಲು ಕಡಿಯಾಕತ್ತಾನ!"

ಯಾರೂ ನಗಲಿಲ್ಲ. ಹೆಂಗಸರೆಲ್ಲ ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು. ತಾಯಿ ಒಳಗೆ ಹೋಗಿ, ಮನೆದೇವರು ಮೈಲಾರನ ಭಂಡಾರದ ಚೀಲ ತಂದು, "ಏಳುಕೋಟಿಗೋ!" ಎಂದು ಒಂದು ಹಿಡಿ ಅರಿಶಿನ ಚಿತ್ರದ ಮೇಲೆ ತೂರಿದಳು. ಕುರುಡ, ಕುಂಬಾರ, ಹಂದಿ, ನಾನು, ಎಲ್ಲರೂ ಹಳದಿಯಾದೆವು. ಮಾವನ ಮುಖ ಮಾತ್ರ ಬಿಳಿಚಿತ್ತು.

"ನನ್ನ ಮಗ ಮೈಲಾರನ ಕೈಯಾಗ ಅದಾನಂದ್ರ ಸಾಕು," ಎಂದು ತಾಯಿ ಕೈಮುಗಿದಳು. "ಇದರಾಗ ಅವ ಎಲ್ಲಿ ಅದಾನ, ತೋರ್ಸು ತಮ್ಮಾ."

ಊರಿನವರ ದನಿಯನ್ನೆಲ್ಲ ತುಂಬಿಕೊಂಡಿದ್ದ ಗಂಟಲಿನಿಂದ ಒಂದು ಕೆಮ್ಮು ಕೂಡ ಬರಲಿಲ್ಲ. ಬೆಳಿಗ್ಗೆಯಿಂದ ಮೂರು ಮಾತು ಆಡದ ಮಾವನೇ ಮುಂದೆ ಬಂದ.

"ಯವ್ವಾ, ಅದು ಮೈಲಾರ ಅಲ್ಲ. ಸಾವು. ಹುಟ್ಟಿದವರೆಲ್ಲಾ ಅದರ ಹಲ್ಲಾಗ ಅದಾರಂತ ಲಾಮಾ ಹೇಳಿದ. ಈ ಹುಡುಗಗ ಹೇಳಾಕ ಧೈರ್ಯ ಆಗಲಿಲ್ಲ."

ಆಕೆ ತನ್ನ ಹಳದಿ ಅಂಗೈ ನೋಡಿಕೊಂಡಳು. "ಸಾವಿಗೆ ಭಂಡಾರ ಒಗದ್ನೇನು?"

ನನ್ನ ಕೈಯಲ್ಲಿದ್ದ ಕೋಲನ್ನೇ ಕಸಿದುಕೊಂಡು ನಾಲ್ಕು ಬಾರಿಸಲಿ ಎಂದು ಕಾಯ್ದೆ. ಬಾರಿಸಿದ್ದರೆ ಹಗುರಾಗುತ್ತಿದ್ದೆ. ಆಕೆ ಬಾರಿಸಲಿಲ್ಲ.

"ಇರ್ಲಿ ಬಿಡು. ಅದಕ್ಕರೆ ಯಾರು ಒಗೀತಾರ," ಎಂದಳು. ಮತ್ತೆ ಕೇಳಿದಳು, "ಹಂಗಾರ ನನ್ನ ಮಗ?"

ಮಾವ ಚಿತ್ರವನ್ನು ಗೂಟದಿಂದ ಇಳಿಸಿ ಹಿಂದುಮುಂದು ಮಾಡಿದ. ಬರಿಯ ಬಟ್ಟೆ. ಬುದ್ಧ ನಿಂತಿದ್ದ ಜಾಗದ ಹಿಂದೆ, ಅವನ ಹಣೆ, ಗಂಟಲು, ಎದೆ ಬರುವಲ್ಲಿ, ಕೆಂಪು ಬಣ್ಣದ ಮೂರು ಅಕ್ಷರ. ದೇಹಕ್ಕೆ ಒಂದು, ಮಾತಿಗೆ ಒಂದು, ಮನಸ್ಸಿಗೆ ಒಂದು. ಅವನ್ನು ಬರೆದ ಮೇಲೆಯೇ ಚಿತ್ರಕ್ಕೆ ಜೀವ ಬರುತ್ತದಂತೆ. ಅವುಗಳ ಕೆಳಗೆ, ಮಾವನ ಸೊಟ್ಟ ಕನ್ನಡದಲ್ಲಿ, ಗೆಳೆಯನ ಹೆಸರು. ಇದೆಲ್ಲ ವಹಿಯ ಕೊನೆಯ ಪುಟದಲ್ಲಿತ್ತು. ಅಲ್ಲಿ ದನಿ ಕೊಡುವಂಥ ಪ್ರಾಣಿ ಯಾವುದೂ ಕಾಣಲಿಲ್ಲವೆಂದು ನಾನು ಅದನ್ನು ಓದಿರಲಿಲ್ಲ.

"ಇಲ್ಲಿ ಅದಾನ ಯವ್ವಾ," ಎಂದ ಮಾವ. "ಚಕ್ರದಾಗ ಹಾಕಬ್ಯಾಡ್ರಿ ಅಂದೆ ಲಾಮಾಗ. ದಾರಿ ತೋರ್ಸಾವನ ಬೆನ್ನಿಗೆ ಇಟ್ಟೀನಿ."

ಆಕೆಗೆ ಓದಲು ಬರುತ್ತಿರಲಿಲ್ಲ. ಮಾವ ಆಕೆಯ ಬೆರಳು ಹಿಡಿದು ಅಕ್ಷರಗಳ ಮೇಲೆ ಮೆಲ್ಲಗೆ ಸರಿಸಿದ. ಕೊನೆಯ ಅಕ್ಷರ ಮುಟ್ಟಿದ ಮೇಲೂ ಆಕೆ ಬೆರಳು ಎತ್ತಲಿಲ್ಲ.

"ಹಿಂಗ ಹಾಕ್ರಿ," ಎಂದಳು.

"ಚಿತ್ರ ಗ್ವಾಡಿ ಕಡೆ ಆಗ್ತದಲ್ರಿ ಆಯಿ," ಎಂದೆ. ಅದು ಯಾರ ದನಿಯೋ ನನಗೆ ಗುರುತು ಸಿಗಲಿಲ್ಲ.

"ಆಗ್ಲಿ. ನೋಡೀನಲ್ಲ."

ಮಾವನ ಕೈಯಿಂದ ಸುರುಳಿಯನ್ನು ನಾನೇ ತೆಗೆದುಕೊಂಡು, ಚಿತ್ರವನ್ನು ಗೋಡೆಗೆ ಮಾಡಿ, ಹೆಸರು ಕಾಣುವಂತೆ ಗೂಟಕ್ಕೆ ಸಿಕ್ಕಿಸಿದೆ.