ಎಳೆಯದೆ ಹೊರಬಂದ ಗುಳ್ಳೆ

ಬೀರಪ್ಪಸ್ವಾಮಿಯ ಒಕ್ಕಲಿನವರಿಗೆಲ್ಲ ಗುಮ್ಮಘಟ್ಟದ ಕಡೆಯ ರತ್ನಮ್ಮನ ಶರಣು.

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಮ್ಮಣ್ಣ ಹನುಮಂತಪ್ಪನಿಗೆ ಕೆಮ್ಮು ಹತ್ತಿತು. ಕುರಿ ಹಿಂದೆ ಅಲೆಯುವವನಿಗೆ ಧೂಳಿನ ಕೆಮ್ಮು ಹೊಸದೇನಲ್ಲ ಎಂದು ಸುಮ್ಮನಿದ್ದೆವು. ರಕ್ತ ಕಂಡ ದಿನ ಅವ್ವ ಅವನನ್ನು ಆಟೋದಲ್ಲಿ ರಾಯದುರ್ಗಕ್ಕೆ, ಅಲ್ಲಿಂದ ಬಸ್ಸಿನಲ್ಲಿ ನಾನು ನರ್ಸ್ ಆಗಿರುವ ಬಳ್ಳಾರಿಯ ಆಸ್ಪತ್ರೆಗೆ ಕರೆತಂದಳು. ಸ್ಕ್ಯಾನಿನಲ್ಲಿ ಬಲಗಡೆಯ ಶ್ವಾಸಕೋಶದೊಳಗೆ ಮೂಸಂಬಿ ಗಾತ್ರದ ನೀರಿನ ಗುಳ್ಳೆ ಕಂಡಿತು. ಕುರಿ ಕೊಯ್ದಾಗ ಒಳಗೆ ಇಂಥದ್ದು ಸಿಕ್ಕರೆ ನಾವು ನಾಯಿಗೆ ಎಸೆಯುತ್ತೇವೆ. ಆ ನಾಯಿಯ ಮೂಲಕವೇ ಈ ಗುಳ್ಳೆ ಕಟ್ಟುವ ಹುಳುವಿನ ಮೊಟ್ಟೆ ನಮ್ಮ ಕೈಗೆ, ಕೈಯಿಂದ ಬಾಯಿಗೆ ಬರುತ್ತದಂತೆ.

ಎದೆ ಆಪರೇಷನ್ ಮಾಡುವ ಡಾಕ್ಟರಮ್ಮ ಮಡಕಶಿರದ ಕಡೆಯವರು. "ಒಳಗೇ ಒಡೆದ್ರೆ ಜೀವಕ್ಕೇ ಅಪಾಯ ಕಣಮ್ಮ. ಇಡಿಯಾಗೇ ಬರ್ಬೇಕು" ಎಂದರು. ಅವ್ವ ಬೀರಪ್ಪನಿಗೆ ಕರಿ ಕಂಬಳಿಯ ಹರಕೆ ಹೊತ್ತಳು. ಅಣ್ಣ ನನ್ನ ಕೈ ಹಿಡಿದು, "ರತ್ನಿ, ನೀ ಒಳಗ ನಿಂದ್ರವ್ವ. ನಮ್ಮೋರು ಒಬ್ರಿದ್ರ ಧೈರ್ಯ" ಎಂದ. ಡಾಕ್ಟರಮ್ಮನ ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಬೇಡಿಕೊಂಡೆ. "ಮೂಲೇಲಿ ನಿಂತ್ಕೊ. ಮುಟ್ಬೇಡ, ಅಳ್ಬೇಡ" ಎಂದು ಒಪ್ಪಿದರು.

ನಾನು ಹೆರಿಗೆ ವಾರ್ಡಿನವಳು. ತೆರೆದ ಎದೆಯನ್ನು ಎಂದೂ ಕಂಡವಳಲ್ಲ. ಪಕ್ಕೆಲುಬುಗಳ ನಡುವೆ ದಾರಿಯಾದಾಗ ಅಣ್ಣನ ಶ್ವಾಸಕೋಶ ಏರುತ್ತಾ ಇಳಿಯುತ್ತಾ ಇತ್ತು. ಕುರಿ ಕರೆಯಲು ಅವನು ಹಾಕುತ್ತಿದ್ದ ಕೂಗೆಲ್ಲ ಇಲ್ಲಿಂದಲೇ ಬಂದದ್ದು ಅನ್ನಿಸಿತು. ಡಾಕ್ಟರಮ್ಮ ಸುತ್ತಲೂ ಔಷಧಿನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಒತ್ತಿ, ಶ್ವಾಸಕೋಶವನ್ನು ಕೂದಲೆಳೆಯಷ್ಟೇ ಆಳಕ್ಕೆ ಕೊಯ್ದರು. ಒಳಗಿಂದ ಗುಳ್ಳೆಯ ಬಿಳಿ ಪೊರೆ ಇಣುಕಿತು. ಅಷ್ಟರಲ್ಲೇ ಅವರು ಕತ್ತರಿ ಕೆಳಗಿಟ್ಟರು.

ಇವರ ಕೈಲಾಗಲಿಲ್ಲ, ಅಣ್ಣ ಹೋದ ಎಂದುಕೊಂಡೆ. ಬೀರಪ್ಪಾ, ಕಾಯುವವನು ನೀನಲ್ಲದೆ ಇನ್ಯಾರಪ್ಪಾ ಎಂದು ಒಳಗೊಳಗೇ ಅತ್ತೆ. ಡಾಕ್ಟರಮ್ಮ ಗುಳ್ಳೆಯ ಕೆಳಗೆ ಎರಡೂ ಅಂಗೈ ಒಡ್ಡಿ, ಅರಿವಳಿಕೆ ಕೊಟ್ಟು ಉಸಿರಿನ ಚೀಲ ಒತ್ತುತ್ತಿದ್ದ ಡಾಕ್ಟರಿಗೆ ಹೇಳಿದರು: "ನಿಧಾನಕ್ಕೆ ಉಸಿರು ಕೊಡಿ. ನಾವು ಎಳೀಬಾರ್ದು. ಅದೇ ಹೊರಗೆ ಬತ್ತದೆ."

ಉಸಿರು ತುಂಬಿತು. ಶ್ವಾಸಕೋಶ ಉಬ್ಬಿ ಗುಳ್ಳೆಯನ್ನು ಇಷ್ಟಿಷ್ಟೇ ಹೊರಗೆ ನೂಕಿತು. ಕುರಿ ಈಯುವಾಗ ನಮ್ಮಣ್ಣನೂ ಹೀಗೇ, ಮರಿಯನ್ನು ಎಳೆಯದೆ ಕೆಳಗೆ ಕಂಬಳಿ ಹಿಡಿದು, "ಬೀರಪ್ಪ ತರ್ತಾನ, ನಾವು ಹಿಡಿಯೋದಷ್ಟ" ಅನ್ನುತ್ತಾನೆ. ಗುಳ್ಳೆ ಒಂದು ಹನಿಯೂ ಸೋರದೆ ಅವರ ಅಂಗೈಗೆ ಜಾರಿತು. ಆಮೇಲೆ ಎದೆಯೊಳಗೆ ನೀರು ಹುಯ್ದು, ಸೈಕಲ್ ಟ್ಯೂಬಿನ ಪಂಚರ್ ಹುಡುಕುವಂತೆ, ಗಾಳಿ ಬುಳುಬುಳು ಎಂದಲ್ಲೆಲ್ಲ ಹೊಲಿದರು. ಅಳಬೇಡ ಎಂದಿದ್ದರೂ ಮಾಸ್ಕ್ ತೊಯ್ದು ಹೋಗಿತ್ತು.

ಎಚ್ಚರವಾದಾಗ ಅಣ್ಣ ಕೇಳಿದ: "ಯಾರು ಎಳದ್ರು?"

"ಯಾರೂ ಇಲ್ಲಣ್ಣ. ನಿನ್ನ ಉಸಿರೇ ತಳ್ತು. ಡಾಕ್ಟರಮ್ಮ ಹಿಡಕಂಡ್ರು."

ಅವನು ಕೈ ಮುಗಿದ. ಬೀರಪ್ಪನಿಗೋ ಡಾಕ್ಟರಮ್ಮನಿಗೋ ನಾನು ಕೇಳಲಿಲ್ಲ. ನನಗಂತೂ ಆ ಎರಡು ಅಂಗೈಗಳಲ್ಲಿ ಸ್ವಾಮಿಯೇ ಕಂಡಿದ್ದ.

ಈ ಯುಗಾದಿ ಕಳೆದ ಮೇಲೆ ಕಂಬಳಿ ಒಪ್ಪಿಸಿ, ಗುಡಿಯ ಹಿಂದೆ ಕುರಿ ಕೊಯ್ದೆವು. ಅದರೊಳಗೂ ಒಂದು ಗುಳ್ಳೆ ಇತ್ತು. ನಮ್ಮ ನಾಯಿ ಬಾಲ ಆಡಿಸುತ್ತಾ ಕಾದಿತ್ತು. ಅಣ್ಣ ಆಳವಾಗಿ ಗುಂಡಿ ತೋಡಿ ಅದನ್ನು ಹೂತ, ಮೇಲೆ ಚಪ್ಪಡಿ ಎಳೆದ, ಉಜ್ಜುಜ್ಜಿ ಕೈ ತೊಳೆದುಕೊಂಡ. ಆಮೇಲೆ ತನ್ನ ಎಡೆಯ ರೊಟ್ಟಿಯನ್ನು ಮುರಿದು ನಾಯಿಗೆ ಹಾಕಿದ.