ಮಾತು ಕೇಳುವ ಕಣ್ಣೀರು

ಕುಲಗೋಡದಲ್ಲಿ ನಮ್ಮ ಬಾಜೂ ಮನೆಯ ಹೆಂಗಸನ್ನು ಸಾವಾದ ಮನೆಗಳಿಗೆಲ್ಲ ಕರೆಯುತ್ತಿದ್ದರು. ಸತ್ತವರ ಗುಣಗಳನ್ನು ಹಾಡಿಕೊಂಡು ಅಳುವುದರಲ್ಲಿ ಆಕೆಗೆ ಸರಿಸಾಟಿ ಇರಲಿಲ್ಲ. ಸೆರಗು ಕೊಡವಿ ಕೂತಳೆಂದರೆ ಮೊದಲ ಸಾಲಿಗೇ ಕಣ್ಣು ತುಂಬುತ್ತಿತ್ತು. “ಕಣ್ಣೀರು ನನ್ನ ಮಾತ ಕೇಳ್ತಾವ, ತಂಗಿ,” ಎಂದು ನನಗೆ ಆಗಾಗ ಹೇಳುತ್ತಿದ್ದಳು.

ತನ್ನ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಾಗ ಮಾತ್ರ ಹಾಡು ಬರಲಿಲ್ಲ, ಒಂದು ಹನಿಯೂ ಬರಲಿಲ್ಲ. ಒಲೆ ಹೊತ್ತಿಸಬಾರದ ಆ ಹೊತ್ತಿನಲ್ಲಿ ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದಳು.

“ಊರಿಗೆಲ್ಲಾ ಅತ್ತಾಕಿಗೆ ಸ್ವಂತ ಮಗಳು ಬ್ಯಾಡಾದ್ಲೇನ?” ಎಂದರು ಹೆಂಗಸರು. ಆಮೇಲೆ ಆಕೆಯನ್ನು ಯಾರೂ ಕರೆಯಲಿಲ್ಲ.

ದೊಡ್ಡ ಆಘಾತವಾದಾಗ ಮಿದುಳು ಅಳುವನ್ನೇ ತಡೆಹಿಡಿಯಬಹುದು, ಕೈಗಳು ಮಾತ್ರ ರೂಢಿಯ ಕೆಲಸ ಮಾಡುತ್ತಿರುತ್ತವೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಹಾಗೆಂದು ಹೇಳಿಯೂ ನೋಡಿದೆ. ಯಾರೂ ಒಪ್ಪಲಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ಮುಂಜಾನೆ ಅವ್ವ ನನ್ನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಆಕೆ ಆ ವಾಸನೆಗೆ ಬಾಗಿಲಲ್ಲೇ ನಿಂತಳು. ಬೆರಳುಗಳು ಜಡೆ ಹೆಣೆಯುವಂತೆ ಗಾಳಿಯಲ್ಲಿ ಆಡಿದವು. ಮರುಕ್ಷಣ ಗೋಡೆ ಹಿಡಿದು ಕುಸಿದಳು. ಹಾಡಿರಲಿಲ್ಲ, ಮಗಳ ಹೆಸರೂ ಇರಲಿಲ್ಲ, ಬರೀ ಅಳು.

“ಸಾಕು, ಸುಮ್ನಾಗ ಯಕ್ಕಾ,” ಎಂದು ಅವ್ವ ತಬ್ಬಿಕೊಂಡಳು.

“ಇವು ನನ್ನ ಮಾತ ಕೇಳವಲ್ವು,” ಎಂದಳು.